ಸೋಮವಾರದ ಪ್ರಸ್ಥಾನ

ಸಮಯದ ವಿಷಯದಲ್ಲಿ ನನ್ನಷ್ಟು ಜೀವ ತಿನ್ನುವ ಹೆಂಗಸು ಇಡೀ ಶಿವಮೊಗ್ಗದಲ್ಲಿ ಇನ್ನೊಬ್ಬಳಿಲ್ಲ ಎಂದು ನನ್ನ ಅಮ್ಮ ಹೇಳುತ್ತಾಳೆ. ಸುಳ್ಳೇನಲ್ಲ. ಮದುವೆಗೆ ಕರೆದರೆ ಓಲಗದವರಿಗಿಂತ ಮೊದಲು ಹೋಗಿ ಖಾಲಿ ಕುರ್ಚಿಗಳ ನಡುವೆ ಕೂತವಳು ನಾನು. ಇಂಥವಳಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿದ್ದು, ಅದೂ ನಮ್ಮೂರಿನದೇ ನಿಲ್ದಾಣದಲ್ಲಿ ಸಿಕ್ಕಿದ್ದು, ನನ್ನ ಪುಣ್ಯವೋ ಪ್ರಯಾಣಿಕರ ಕರ್ಮವೋ ಗೊತ್ತಿಲ್ಲ.

ನಮ್ಮದು ಸಣ್ಣ ಕಂಪನಿ. ದೊಡ್ಡ ಊರುಗಳ ನಡುವೆ ಹಾರುವ ದೊಡ್ಡ ವಿಮಾನಗಳ ಗೋಜಿಗೆ ಹೋಗದೆ, ನಮ್ಮಂಥ ಊರುಗಳಿಗೆ ಮಾತ್ರ ಓಡಾಡುವುದು. ಇದ್ದದ್ದೇ ಐದು ವಿಮಾನ, ಐದೂ ರೆಕ್ಕೆಗೆ ಫ್ಯಾನು ಕಟ್ಟಿಕೊಂಡಂಥವು. ಒಂದು ಬೆಳಿಗ್ಗೆ ಎಂಟು ನಲವತ್ತಕ್ಕೆ ಹೈದರಾಬಾದಿನಿಂದ ಬಂದು, ಒಂಬತ್ತು ಹತ್ತಕ್ಕೆ ನಮ್ಮವರನ್ನು ಹೇರಿಕೊಂಡು ವಾಪಸು ಹೋಗುತ್ತಿತ್ತು. ನಾನು ಇಲ್ಲಿನ ಸ್ಟೇಷನ್ ಮ್ಯಾನೇಜರ್. ಬೇರೆ ಬೇರೆ ರಾಜ್ಯಗಳ ನಿಲ್ದಾಣಗಳಲ್ಲಿ ಹತ್ತು ವರ್ಷ ದುಡಿದು, ನಮ್ಮೂರಿಗೆ ವಿಮಾನ ಬಂತೆಂದು ತಿಳಿದ ದಿನವೇ ವರ್ಗಾವಣೆಗೆ ಅರ್ಜಿ ಹಾಕಿ ಬಂದವಳು. ಆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಆಸೆ’ ಎಂದು ಬರೆಯಬೇಕೆನಿಸಿತ್ತು, ‘ವೈಯಕ್ತಿಕ’ ಎಂದು ಬರೆದೆ.

ಒಂದು ಚಳಿಗಾಲದ ಮಧ್ಯಾಹ್ನ ಕೇಂದ್ರ ಕಚೇರಿಯಿಂದ ಫೋನು ಬಂತು. ಯಾವ ವಿಮಾನ ಯಾವ ಊರಿಗೆ ಎಂದು ಹಂಚುವ ಅಧಿಕಾರಿ. ಮನುಷ್ಯ ಯಾವತ್ತೂ ಗಟ್ಟಿಯಾಗಿ ಮಾತಾಡಿದವನಲ್ಲ, ಅದಕ್ಕೇ ಅವನ ಫೋನೆಂದರೆ ಹೆದರಿಕೆ. ಒಂದು ವಿಮಾನದ ಇಂಜಿನ್ ಬಿಚ್ಚಿಟ್ಟಿದ್ದಾರೆ, ಬದಲಿ ಯಾವಾಗ ಬರುತ್ತದೋ ಹೇಳಲಾಗದು, ಇನ್ನು ಐದು ವಿಮಾನದ ಕೆಲಸವನ್ನು ನಾಲ್ಕರಲ್ಲಿ ಮಾಡಬೇಕು ಎಂದ. ಅಂದರೆ ಯಾವುದಾದರೂ ಒಂದು ಊರಿನ ಬೆಳಗಿನ ವಿಮಾನ ನಿಲ್ಲಲೇಬೇಕು. ಹೆಚ್ಚು ತಡವಾಗುವ ಊರು ಯಾವುದು ಎಂದು ನೋಡಿದರೆ ಪಟ್ಟಿಯ ಬುಡದಲ್ಲಿ ಎರಡೇ ಹೆಸರು. ಒಂದು ಕರಾವಳಿಯ ಕಡೆಯ ಊರು, ಇನ್ನೊಂದು ಶಿವಮೊಗ್ಗ.

‘ಮುಂದಿನ ತಿಂಗಳಲ್ಲಿ ನಿಮ್ಮಲ್ಲಿ ಮೂರಕ್ಕಿಂತ ಹೆಚ್ಚು ತಡವಾದರೆ ವಿಮಾನ ಅವರಿಗೆ’ ಎಂದ. ತಡ ಎಂದರೆ ಹೊರಡಬೇಕಾದ ಹೊತ್ತಿಗೆ ಹದಿನೈದು ನಿಮಿಷ ಕಳೆದರೂ ವಿಮಾನ ಅಲುಗದೆ ಇರುವುದು. ನಮ್ಮ ಪಾಲಿಗೆ ಒಂಬತ್ತು ಇಪ್ಪತ್ತೈದು ಗಡುವು. ಇಲ್ಲಿ ಕಳೆದ ಕಾಲು ಗಂಟೆ ಆ ವಿಮಾನ ಹೋದ ಹೋದ ಊರಿನಲ್ಲೆಲ್ಲ ಬೆಳೆದು ಸಂಜೆಗೆ ಒಂದು ಗಂಟೆಯಾಗುತ್ತದೆ, ಅದಕ್ಕೇ ಬೆಳಗಿನ ಊರಿನ ಮೇಲೆ ಎಲ್ಲರ ಕಣ್ಣು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಫೋನಿಟ್ಟ ಮೇಲೆ ಭಯ ಹತ್ತಿತು.

ಯಾಕೆ ಅಷ್ಟು ಭಯ ಎಂದರೆ, ನಾನು ಭದ್ರಾವತಿಯ ಕಾಗದನಗರದಲ್ಲಿ ಬೆಳೆದವಳು. ಕಾಗದ ಕಾರ್ಖಾನೆಯ ಕ್ವಾರ್ಟರ್ಸು. ನಮ್ಮ ಮನೆಯಲ್ಲಿ ಗಡಿಯಾರ ಇದ್ದರೂ ಯಾರೂ ನೋಡುತ್ತಿರಲಿಲ್ಲ. ಕಾರ್ಖಾನೆಯ ಸೈರನ್ ಕೂಗಿದರೆ ಸಾಕು, ಸ್ಕೂಲಿಗೆ ಹೊರಡುವುದು, ಅನ್ನಕ್ಕೆ ಇಡುವುದು ಎಲ್ಲ ಅದರ ಮೇಲೇ ನಡೆಯುತ್ತಿತ್ತು. ಆ ಸೈರನ್ ಕೂಗಿಸುತ್ತಿದ್ದವರು ಬೇರೆ ಯಾರೂ ಅಲ್ಲ, ನನ್ನ ಅಮ್ಮನ ಅಣ್ಣ, ನನ್ನ ಸೋದರಮಾವ. ಕಾರ್ಖಾನೆ ನಿಂತ ದಿನ ಸೈರನ್ನೂ ನಿಂತಿತು. ಎಲ್ಲೋ ದೂರದಲ್ಲಿ ಕೂತವರು ಕಾಗದದ ಮೇಲೆ ಒಂದು ಗೆರೆ ಎಳೆದರೆ ಒಂದು ಊರಿನ ಬೆಳಗು ಹೇಗೆ ಸುಮ್ಮನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಈಗ ಹಾಗೆ ಕೇಳುವ ಸದ್ದು ನಮ್ಮ ವಿಮಾನದ್ದು. ಅದೂ ಹೋದರೆ ನಾನು ಮತ್ತೆ ಪೆಟ್ಟಿಗೆ ಕಟ್ಟಬೇಕು ಎಂಬುದು ಎರಡನೆಯ ಮಾತು, ಮೊದಲನೆಯದು ಇದು.

ಮಾವನ ಬಗ್ಗೆ ಒಂದು ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಹುಟ್ಟಿದ ದಿನ ಬೆಳಗಿನ ಜಾವ ಅಮ್ಮನಿಗೆ ಹೆರಿಗೆಯಾಯಿತು. ಅಪ್ಪ ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ, ಎಂಟು ಗಂಟೆಯ ಡ್ಯೂಟಿಗೆ ಓಡಿದರು. ಸೈರನ್ ಕೋಣೆಯ ಕಿಟಕಿಯಿಂದ ಮಾವನಿಗೆ ಅಪ್ಪ ಓಡಿ ಬರುವುದು ಕಾಣುತ್ತಿತ್ತಂತೆ. ಗೇಟಿಗೆ ಇನ್ನು ಐವತ್ತು ಹೆಜ್ಜೆ. ಮಾವ ಗಡಿಯಾರ ನೋಡಿ ಸರಿಯಾಗಿ ಎಂಟಕ್ಕೆ ಸೈರನ್ ಕೂಗಿಸಿದರು, ಗೇಟು ಬಿತ್ತು, ಅಪ್ಪನಿಗೆ ಅರ್ಧ ದಿನದ ಸಂಬಳ ಹೋಯಿತು. ಸ್ವಂತ ತಂಗಿಯ ಗಂಡ, ಅದೂ ತಂಗಿ ಹೆತ್ತ ದಿನ! ಅಪ್ಪ ಬದುಕಿದ್ದಷ್ಟು ಕಾಲವೂ ಪ್ರತಿ ಹಬ್ಬದೂಟದಲ್ಲಿ ಇದನ್ನು ಎತ್ತಿ ಮಾವನನ್ನು ಕಾಡುತ್ತಿದ್ದರು. ಮಾವನ ಉತ್ತರ ಒಂದೇ: ‘ನಿನಗೆ ಒಂದು ನಿಮಿಷ ಕೊಟ್ರೆ ನಾಳೆ ಸಾವಿರ ಜನಕ್ಕೆ ಕೊಡ್ಬೇಕು.’ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಫೋನು ಬಂದ ಸಂಜೆ ಹಿಂದಿನ ಮೂರು ತಿಂಗಳ ತಡಗಳ ಹಾಳೆಯನ್ನು ಮನೆಗೆ ತಂದೆ. ನಾವಿಬ್ಬರೂ, ಅಂದರೆ ನಾನೂ ಅಮ್ಮನೂ, ಈಗ ಶಿವಮೊಗ್ಗದ ಗೋಪಾಳದಲ್ಲಿದ್ದೇವೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಹಾಳೆಗೆ ಕೆಂಪು ಗೆರೆ, ನೀಲಿ ಗೆರೆ ಹಾಕುತ್ತಾ ಒಬ್ಬಳೇ ಬೈದುಕೊಳ್ಳುತ್ತಿದ್ದೆ. ತಡಕ್ಕೆ ನಮ್ಮಲ್ಲಿ ಕಾರಣಗಳ ಪಟ್ಟಿಯೇ ಇದೆ, ಮಂಜಿಗೊಂದು ಸಂಖ್ಯೆ, ಟೈರಿಗೊಂದು ಸಂಖ್ಯೆ. ಆದರೆ ನಮ್ಮ ಬಹಳಷ್ಟು ತಡಗಳ ಮುಂದೆ ಇದ್ದದ್ದು ‘ಪ್ರಯಾಣಿಕರು ಕೊನೆಯ ಗಳಿಗೆಯಲ್ಲಿ ಒಟ್ಟಿಗೆ ಬಂದರು’ ಎಂಬ ಸಂಖ್ಯೆ. ಎಂಟು ಹತ್ತಕ್ಕೆ ಕೌಂಟರ್ ಮುಚ್ಚುತ್ತದೆ. ಎಂಟು ಐದಕ್ಕೆ ನಲವತ್ತು ಜನ ಧಡಧಡ ಬಂದರೆ, ಸಾಮಾನು ಪರೀಕ್ಷಿಸುವ ಇರುವುದೊಂದು ಯಂತ್ರ ಏನು ಮಾಡೀತು?

‘ಯಾವ್ಯಾವ ವಾರ ಲೇಟಾಗಿದೆ, ಓದು’ ಎಂದಳು ಅಮ್ಮ.

ಓದಿದೆ. ಸೋಮವಾರ. ಸೋಮವಾರ. ಒಂದು ಗುರುವಾರ, ಅದು ಮಂಜು. ಮತ್ತೆ ಸೋಮವಾರ.

‘ಶನಿವಾರ?’

‘ಶನಿವಾರ ಒಂದೂ ಇಲ್ಲಮ್ಮ. ಶನಿವಾರ ಜನ ಎಷ್ಟು ಬೇಗ ಬರ್ತಾರೆ ಅಂದ್ರೆ, ಹೊತ್ತಿಗೆ ಮುಂಚೆನೇ ಬಾಗಿಲು ಹಾಕಿರ್ತೀವಿ.’

ಅಮ್ಮ ಅವರೆಕಾಯಿ ತಟ್ಟೆ ಕೆಳಗಿಟ್ಟು, ಗೋಡೆಯ ಮೇಲಿನ ಕ್ಯಾಲೆಂಡರಿನ ಹತ್ತಿರ ಹೋಗಿ, ಮೂಲೆಯ ಸಣ್ಣ ಚೌಕದ ಮೇಲೆ ಬೆರಳಿಟ್ಟಳು. ‘ನೀನು ಓದಿದ್ದೆಲ್ಲ ಮಣ್ಣುಪಾಲು ಕಣೆ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಶನಿವಾರ ಒಂಬತ್ತರಿಂದ ಹತ್ತೂವರೆ. ಶನಿವಾರ ಒಂಬತ್ತಾಗೋದ್ರೊಳಗೆ ಹೋಗಿ ಒಳಗೆ ಕೂತ್ಕೊಳ್ಳೋಣ ಅಂತ ಓಡಿ ಬರ್ತಾರೆ. ಸೋಮವಾರ ಏಳೂವರೆ ಆದ್ಮೇಲೆ ಯಾರು ಮನೆ ಬಿಡ್ತಾರೆ?’

‘ಹಾಗಾದ್ರೆ ಏಳೂವರೆ ಒಳಗೇ ಹೊರಟು ಬೇಗ ಬರ್ಬೇಕಲ್ಲ? ಇವರು ಎಂಟು ಐದಕ್ಕೆ ಬರ್ತಾರೆ!’

ಅಮ್ಮ ಮತ್ತೆ ಅವರೆಕಾಯಿ ತಟ್ಟೆ ಎತ್ತಿಕೊಂಡಳು. ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, ‘ಹೊರಡ್ತಾರೆ. ಪ್ರಸ್ಥಾನ ಇಡ್ತಾರೆ’ ಎಂದಳು.

ಗೊತ್ತಿಲ್ಲದವರಿಗೆ ಹೇಳಬೇಕು. ಹೊರಡಬೇಕಾದ ಹೊತ್ತು ಸರಿಯಿಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಬ್ಯಾಗನ್ನು ಒಯ್ದು ಪಕ್ಕದ ಮನೆಯಲ್ಲಿ ಇಟ್ಟುಬಿಡುವುದು ನಮ್ಮ ಕಡೆಯ ಪದ್ಧತಿ. ಅದೇ ಪ್ರಸ್ಥಾನ. ಅಲ್ಲಿಗೆ ಪ್ರಯಾಣ ಶುರುವಾದಂತೆ ಲೆಕ್ಕ, ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಸರಿ, ಏಳೂವರೆಯ ಒಳಗೆ ಬ್ಯಾಗು ಸಮೇತ ಪಕ್ಕದ ಮನೆಗೆ ಬರುತ್ತಾರೆ. ಪಕ್ಕದ ಮನೆಯವರು ಸುಮ್ಮನಿರುತ್ತಾರೆಯೇ?

‘ಬಾಗಿಲಿಗೆ ಬಂದವರನ್ನ ಬರೀ ಹೊಟ್ಟೇಲಿ ಕಳ್ಸಕ್ಕಾಗುತ್ತಾ?’ ಎಂದಳು ಅಮ್ಮ. ‘ಮೊನ್ನೆ ಸೋಮವಾರ ಎದುರುಮನೆಯೋರು ಗಂಡ ಹೆಂಡ್ತಿ ನಮ್ಮನೇಲೇ ಕೂತಿದ್ರು. ನಾನೇ ದೋಸೆ ಹುಯ್ದು ಕೊಟ್ಟೆ. ಏರ್‌ಪೋರ್ಟ್ ಇಲ್ಲೇ ಇದೆಯಲ್ಲ, ಇನ್ನೊಂದು ಹಾಕ್ಕೊಳ್ಳಿ ಅಂತ ನಾನೇ ಅಂದೆ.’

ನಾನು ಹಾಳೆಯನ್ನು ನೆಲಕ್ಕೆ ಬಿಸಾಡಿದೆ. ಆ ಸೋಮವಾರ ಎದುರುಮನೆಯ ದಂಪತಿ ಬೆವರೊರೆಸಿಕೊಳ್ಳುತ್ತಾ ಕೊನೆಯಲ್ಲಿ ಓಡಿ ಬಂದದ್ದು, ನಾನು ಹಲ್ಲು ಕಚ್ಚಿ ನಮಸ್ಕಾರ ಹೇಳಿದ್ದು ಎಲ್ಲ ನೆನಪಿತ್ತು. ನನ್ನ ವಿಮಾನವನ್ನು ತಡಮಾಡಿದ್ದು ನನ್ನ ಅಡುಗೆಮನೆಯ ಕಾವಲಿ! ಸಿಟ್ಟು ನೆತ್ತಿಗೇರಿ, ಅಲ್ಲಿಂದ ಅದು ಹೇಗೋ ನಗುವಾಗಿ, ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ಗೋಪಾಳ, ರವೀಂದ್ರನಗರ, ಭದ್ರಾವತಿ, ಎಲ್ಲ ಕಡೆಯೂ ಸೋಮವಾರ ಬೆಳಿಗ್ಗೆ ಅಕ್ಕಪಕ್ಕದ ಮನೆಗಳಲ್ಲಿ ನನ್ನ ಪ್ರಯಾಣಿಕರು ಕೂತು ದೋಸೆ ತಿನ್ನುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು.

ಉಪಾಯವೂ ಅಮ್ಮನದೇ. ‘ಪಕ್ಕದ ಮನೆ ಬದ್ಲು ನಿಮ್ಮ ಕೌಂಟರಲ್ಲೇ ಪ್ರಸ್ಥಾನ ಇಡ್ಲಿ. ಬ್ಯಾಗ್ ಹೇಗೂ ನಿಮಗೇ ಕೊಡ್ಬೇಕಲ್ಲ. ತಿಂಡಿಗೆ ಒಂದು ದಾರಿ ಮಾಡು, ಬರ್ತಾರೆ ನೋಡು.’

ನನಗೆ ರಾಹುವೂ ಗೊತ್ತಿಲ್ಲ, ಕೇತುವೂ ಗೊತ್ತಿಲ್ಲ. ಆದರೆ ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಮರುದಿನವೇ ಸೋಮವಾರಗಳಂದು ಕೌಂಟರನ್ನು ಅರ್ಧ ಗಂಟೆ ಮೊದಲು ತೆರೆಯಲು ಅನುಮತಿ ಕೇಳಿ ಬರೆದೆ. ಕಾರಣ ‘ಸ್ಥಳೀಯ ಪ್ರಯಾಣ ಪದ್ಧತಿ’ ಎಂದು ಹಾಕಿದೆ. ನಿಲ್ದಾಣದ ಕ್ಯಾಂಟೀನಿನ ಹೆಂಗಸಿಗೆ ಏಳಕ್ಕೇ ಇಡ್ಲಿ ಸಿದ್ಧವಿರಬೇಕೆಂದು ದುಂಬಾಲು ಬಿದ್ದೆ. ಭಾನುವಾರ ಸಂಜೆ ಕೌಂಟರಿನ ಇಬ್ಬರು ಹುಡುಗಿಯರೂ ನಾನೂ ಕೂತು, ಮರುದಿನದ ಪ್ರಯಾಣಿಕರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿದೆವು. ಹೇಳಬೇಕಾದ ಮಾತನ್ನು ಅಮ್ಮ ಬಾಯಿಪಾಠ ಮಾಡಿಸಿದ್ದಳು: ‘ನಾಳೆ ಏಳೂವರೆಗೆ ರಾಹುಕಾಲ ಶುರು. ಅದಕ್ಕೆ ಮುಂಚೆ ನಮ್ಮ ಕೌಂಟರಿಗೆ ಬಂದು ಬ್ಯಾಗ್ ಕೊಟ್ಬಿಡಿ, ಅದೇ ಪ್ರಸ್ಥಾನ ಅನ್ಕೊಳ್ಳಿ. ಆಮೇಲೆ ಒಳಗೆ ಬನ್ನಿ, ಬಿಸಿ ಇಡ್ಲಿ ಇದೆ.’

ಜನ ಹೇಗೆ ಖುಷಿಪಟ್ಟರು ಎನ್ನುತ್ತೀರಿ! ‘ಅಂತೂ ನಮ್ಮ ಕಷ್ಟ ತಿಳ್ಕೊಂಡ್ರಲ್ಲಮ್ಮ’ ಎಂದರು ಒಬ್ಬರು. ರವೀಂದ್ರನಗರದ ಒಬ್ಬ ಅಜ್ಜಿ ಮಾತ್ರ ಸುಲಭಕ್ಕೆ ಬಿಡಲಿಲ್ಲ. ‘ಸೋಮವಾರ ಪೂರ್ವ ದಿಕ್ಕಿಗೆ ಶೂಲ, ಆ ಕಡೆ ಹೋಗ್ಬಾರ್ದು ಅಲ್ವೇನೇ? ಹೈದರಾಬಾದ್ ಯಾವ ಕಡೆ ಆಯ್ತು?’ ಎಂದರು. ‘ಅಜ್ಜಿ, ವಿಮಾನ ಮೊದಲು ಪಶ್ಚಿಮಕ್ಕೆ ಏರುತ್ತೆ, ಆಮೇಲೆ ಆಕಾಶದಲ್ಲಿ ತಿರುಗುತ್ತೆ’ ಎಂದೆ. ಬಹುಮಟ್ಟಿಗೆ ನಿಜವೇ. ಅಜ್ಜಿ ಒಪ್ಪಿದರು.

ತಿಂಗಳ ಮೊದಲ ಸೋಮವಾರ ಏಳು ಇಪ್ಪತ್ತಕ್ಕೆ ನಮ್ಮ ಕೌಂಟರಿನ ಮುಂದೆ ಜಾತ್ರೆ. ಬ್ಯಾಗಿಗೆ ಕುಂಕುಮ ಹಚ್ಚಿ ತಂದವರೂ ಇದ್ದರು. ಏಳೂವರೆಗೆ ಬ್ಯಾಗುಗಳೆಲ್ಲ ಯಂತ್ರ ದಾಟಿದ್ದವು, ಎಂಟಕ್ಕೆ ಜನ ಇಡ್ಲಿ ಮುಗಿಸಿ ಒಳಗೆ ಕೂತಿದ್ದರು. ವಿಮಾನ ಒಂಬತ್ತು ಎಂಟಕ್ಕೆ, ಹೊತ್ತಿಗೆ ಎರಡು ನಿಮಿಷ ಮೊದಲೇ ಅಲುಗಿತು. ನಾನು ಖಾಲಿ ಟಾರಿನ ಮೇಲೆ ನಿಂತು ಚಪ್ಪಾಳೆ ತಟ್ಟಿದೆ, ಯಾರು ನೋಡಿದರೂ ನೋಡಲಿ ಎಂದು. ಮುಂದಿನ ಮೂರು ಸೋಮವಾರಗಳೂ ಹಾಗೇ ನಡೆದವು. ಅಡಿಕೆ ವ್ಯಾಪಾರದ ದೊಡ್ಡ ಮನುಷ್ಯರೊಬ್ಬರು ಗೇಟು ಮುಚ್ಚಿದ ಮೇಲೆ ಬಂದು ‘ಐದೇ ನಿಮಿಷ, ನಾನ್ಯಾರು ಗೊತ್ತಾ’ ಎಂದಾಗ, ‘ಗೊತ್ತು ಸರ್, ಆದ್ರೂ ಆಗಲ್ಲ’ ಎಂದು ಬಾಗಿಲ ಹೊರಗೇ ನಿಲ್ಲಿಸಿದೆ. ಅವರ ಮುಖ ಕಪ್ಪಿಟ್ಟಿತು. ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ, ಒಳಗೊಳಗೇ ಹೆಮ್ಮೆಯೇ ಆಯಿತು.

ಆದರೆ ಮಂಜು ಯಾರ ಮಾತೂ ಕೇಳುವುದಿಲ್ಲ. ಎರಡು ದಿನ ರನ್‌ವೇ ಕಾಣದೆ ವಿಮಾನ ಮೇಲೇ ಸುತ್ತಿ ತಡವಾಗಿ ಇಳಿಯಿತು. ಇನ್ನೊಂದು ದಿನ ಟೈರು ಬದಲಿಸಬೇಕಾಯಿತು. ಮೂರೂ ತೀರಿದವು. ತಿಂಗಳಿಗೆ ಉಳಿದದ್ದು ಒಂದೇ ದಿನ. ಅದು ಸೋಮವಾರ. ಆ ದಿನದ ಪಟ್ಟಿಯಲ್ಲಿ ನಮ್ಮ ಮಾವನ ಹೆಸರೂ ಇತ್ತು.

ಹೈದರಾಬಾದಿನಲ್ಲಿ ಮಗಳ ಹೊಸ ಮನೆಯ ಗೃಹಪ್ರವೇಶ, ಬುಧವಾರಕ್ಕೆ. ಮಾವ ಎರಡು ದಿನ ಮುಂಚೆ ಹೊರಟಿದ್ದರು. ಹುಟ್ಟಿದಾರಭ್ಯ ವಿಮಾನ ಹತ್ತಿದವರಲ್ಲ. ಭಾನುವಾರ ಫೋನು ಮಾಡುವಾಗ ಅವರ ಹೆಸರಿನ ಮುಂದೆ ನಾನೇ ಗೆರೆ ಹಾಕಿ, ‘ನಮ್ಮ ಮಾವ, ಅಮ್ಮ ಹೇಳ್ತಾಳೆ ಬಿಡು’ ಎಂದೆ. ಅಮ್ಮ ಹೇಳಿಯೂ ಹೇಳಿದಳು: ‘ಅಣ್ಣ, ಏಳೂವರೆ ಒಳಗೆ ಬ್ಯಾಗ್ ಕೊಟ್ಟು ಪ್ರಸ್ಥಾನ ಮುಗಿಸ್ಬಿಡು.’ ಅಷ್ಟೇ ಹೇಳಿದಳು. ಆಮೇಲೆ ಒಳಗೆ ಬನ್ನಿ ಎಂಬ ಮಾತನ್ನು ಹೇಳಬೇಕೆಂದು ಅವಳಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಏಳು ಹದಿನೈದಕ್ಕೆ ಮಾವ ಆಟೋದಲ್ಲಿ ಬಂದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಎಡಗೈಯಲ್ಲಿ ಹಳೆಯ ಗಡಿಯಾರ. ಸೂಟ್‌ಕೇಸ್ ಕೊಟ್ಟು, ಬೋರ್ಡಿಂಗ್ ಪಾಸನ್ನು ಜೇಬಿಗಿಟ್ಟು, ‘ಆಯ್ತಲ್ಲ ಮಾರಾಯ್ತಿ, ಪ್ರಸ್ಥಾನ ಆಯ್ತು’ ಎಂದರು. ಜನರ ಗದ್ದಲದಲ್ಲಿ ನಾನು ತಲೆಯಾಡಿಸಿದೆ. ಅವರು ಒಳಗೆ ಹೋದರೆಂದೇ ತಿಳಿದೆ.

ಎಂಟು ನಲವತ್ತಾಯಿತು, ವಿಮಾನವಿಲ್ಲ. ಹೈದರಾಬಾದಿನಲ್ಲೇ ತಡವಾಗಿ ಎದ್ದಿತ್ತು. ಎಂಟು ಐವತ್ತೆಂಟಕ್ಕೆ ಚಕ್ರ ಊರಿ ಬಂದು ನಿಂತಿತು. ಇಳಿಸಿ, ಒರೆಸಿ, ಹತ್ತಿಸಿ ಕಳಿಸಲು ನಮಗೆ ಬೇಕಾಗುವುದು ಮೂವತ್ತು ನಿಮಿಷ. ಗಡುವಿಗೆ ಉಳಿದದ್ದು ಇಪ್ಪತ್ತೇಳು. ಭಯದ ಜೊತೆಗೇ ಎಂಥದೋ ಉತ್ಸಾಹ, ಕಬಡ್ಡಿ ಆಡಲು ಇಳಿದ ಹಾಗೆ. ಸಾಮಾನು ಹೇರುವವರ ಮುಖ್ಯಸ್ಥ ಭದ್ರಾವತಿಯವನು, ಅರ್ಧ ಕನ್ನಡ ಅರ್ಧ ತಮಿಳು. ‘ಸೀಕ್ರಂ, ಬೇಗ ಬೇಗ! ನಮ್ಮೂರ ಪ್ಲೇನು ಕಣ್ರೋ!’ ಎಂದು ಕೂಗುತ್ತಾ ಅವನೇ ಗಾಡಿ ತಳ್ಳಿದ. ಬಂದವರು ಇಳಿದರು. ಹೊರಡುವವರು ಆಗಲೇ ಸಾಲುಗಟ್ಟಿ ನಿಂತಿದ್ದವರು, ಒಬ್ಬರೂ ಹಿಂದೆ ಬೀಳದೆ ಏಣಿ ಹತ್ತಿದರು. ದಿಕ್ಕು ಕೇಳಿದ ಅಜ್ಜಿಯಂಥವರು ಇನ್ನೊಬ್ಬರು ಬಲಗಾಲಿಟ್ಟು ಹತ್ತಲು ಒಂದು ಕ್ಷಣ ನಿಂತರು, ಅಷ್ಟೇ.

ಒಂಬತ್ತು ಹದಿನಾಲ್ಕಕ್ಕೆ ಎಣಿಸಿದೆವು. ಒಬ್ಬರು ಕಮ್ಮಿ.

ಹುಡುಗಿ ಹೆಸರು ಓದಿದಳು. ನನ್ನ ಕಿವಿಗೆ ಅದು ನಮ್ಮ ಮನೆಯಲ್ಲೇ ಯಾರೋ ಕರೆದಂತೆ ಕೇಳಿಸಿತು. ಫೋನು ಹಚ್ಚಿದೆ.

‘ಮಾವ, ಎಲ್ಲಿದೀರಿ?’

‘ಬಂದೇ ಕಣೆ, ಗೇಟ್ ಹತ್ರ ಇದೀನಿ. ಮನೆಗೆ ಹೋಗಿ ಸ್ನಾನ ಪೂಜೆ ತಿಂಡಿ ಮುಗಿಸ್ಕೊಂಡು ಬಂದೆ. ಹ್ಯಾಗೂ ಪ್ರಸ್ಥಾನ ಇಟ್ಟಾಗಿತ್ತಲ್ಲ. ಒಂಬತ್ತು ಹತ್ತು ತಾನೇ? ಎರಡು ನಿಮಿಷ ಮುಂಚೆನೇ ಬಂದೆ, ಇವ್ರು ಒಳಗೆ ಬಿಡ್ತಿಲ್ಲ.’

ಬ್ಯಾಗು ಇಟ್ಟು ಮನೆಗೆ ವಾಪಸು ಹೋಗುವುದು ಪ್ರಸ್ಥಾನದ ಹಳೆಯ ಕ್ರಮ. ಅವರು ಕ್ರಮ ತಪ್ಪಿರಲಿಲ್ಲ. ಒಂಬತ್ತು ಹತ್ತರ ವಿಮಾನಕ್ಕೆ ಒಂಬತ್ತು ಎಂಟಕ್ಕೆ ಬಂದಿದ್ದರು. ಜೀವಮಾನದಲ್ಲಿ ಒಮ್ಮೆಯೂ ತಡವಾಗದ ಮನುಷ್ಯ, ಆವತ್ತೂ ತನ್ನ ಲೆಕ್ಕದಲ್ಲಿ ತಡವಾಗಿರಲಿಲ್ಲ. ನಾನು ಒಳಗೆ ಓಡಿದೆ. ಗಾಜಿನ ಬಾಗಿಲ ಆಚೆ ಮಾವ ನಿಂತಿದ್ದರು. ನನ್ನನ್ನು ಕಂಡು ನಕ್ಕು, ಬೆರಳಿಂದ ಗಡಿಯಾರ ತಟ್ಟಿ ತೋರಿಸಿದರು.

ಗೇಟು ಮುಚ್ಚಿಯಾಗಿತ್ತು. ತಪಾಸಣೆಯವರನ್ನು ಕೇಳಿ ಮತ್ತೆ ತೆರೆಸಬೇಕು, ಅವರನ್ನು ಪರೀಕ್ಷಿಸಬೇಕು, ಎಪ್ಪತ್ತು ದಾಟಿದ ಕಾಲುಗಳು ವಿಮಾನದವರೆಗೆ ನಡೆಯಬೇಕು. ಆಗಬಹುದಿತ್ತು, ಆಗದೆಯೂ ಇರಬಹುದಿತ್ತು. ಅತ್ತ ಪೈಲಟ್ ಲೋಡ್ ಶೀಟಿಗೆ ಕಾಯುತ್ತಿದ್ದ. ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಆ ಹಾಳೆ ಕೈಗೆ ಬಾರದೆ ಅವನು ಹೊರಡುವಂತಿಲ್ಲ. ಮಾವ ಬಾರದಿದ್ದರೆ ಅವರ ಸೂಟ್‌ಕೇಸನ್ನೂ ಕೆಳಗಿಳಿಸಬೇಕು. ಹತ್ತದವರ ಸಾಮಾನು ವಿಮಾನದಲ್ಲಿ ಹೋಗುವಂತಿಲ್ಲ, ಅದು ನಿಯಮ. ಬ್ಯಾಗುಗಳ ರಾಶಿಯಲ್ಲಿ ಅದನ್ನು ಹುಡುಕಲು ಹತ್ತು ನಿಮಿಷ ಹಿಡಿದರೆ ಎಲ್ಲವೂ ಮುಗಿಯಿತು.

ಕೌಂಟರಿನ ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ಹೊರಗೆ ನಿಂತವರು ನನ್ನ ಮಾವ ಎಂದು ಎಲ್ಲರಿಗೂ ಗೊತ್ತು. ಅಡಿಕೆ ವ್ಯಾಪಾರಿಯನ್ನು ಇದೇ ಬಾಗಿಲ ಹೊರಗೆ ನಿಲ್ಲಿಸಿದ್ದೂ ಗೊತ್ತು.

ವೈರ್‌ಲೆಸ್ ಒತ್ತಿ, ‘ಒಬ್ಬರು ಇಲ್ಲ. ಅವರ ಬ್ಯಾಗ್ ಇಳಿಸಿ’ ಎಂದೆ.

‘ಮೇಡಂ, ಆ ತಾತ ಬ್ಯಾಗ್ ಕೊಟ್ಟು ಆಟೋ ಹತ್ತಿ ಹೋಗಿದ್ದು ನಾನು ನೋಡಿದ್ದೆ. ಡೌಟ್ ಬಂತು, ಬಾಗಿಲ ಹತ್ರನೇ ಇಟ್ಟಿದೀನಿ’ ಎಂದ ಭದ್ರಾವತಿಯವನು. ಒಂದೇ ನಿಮಿಷದಲ್ಲಿ ಸೂಟ್‌ಕೇಸ್ ನೆಲದ ಮೇಲಿತ್ತು. ನನಗೆ ಅಲ್ಲೇ ಅವನ ಕಾಲಿಗೆ ಬೀಳಬೇಕೆನಿಸಿತು.

ಹಾಳೆ ಹೋಯಿತು, ಬಾಗಿಲು ಬಿತ್ತು, ಫ್ಯಾನುಗಳು ತಿರುಗಿದವು. ಒಂಬತ್ತು ಇಪ್ಪತ್ತೆರಡಕ್ಕೆ ವಿಮಾನ ಅಲುಗಿತು. ಹುಡುಗಿಯರು ಕುಣಿದಾಡಿದರು, ಸಾಮಾನಿನವರು ಶಿಳ್ಳೆ ಹಾಕಿದರು. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ, ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆಮೇಲೆ ಸೂಟ್‌ಕೇಸ್ ಹಿಡಿದು ಗಾಜಿನ ಬಾಗಿಲಿನತ್ತ ನಡೆದೆ.

ಮಾವ ಹೊರಗೆ ಬೆಂಚಿನ ಮೇಲೆ ಕೂತು, ಮೇಲೇರುತ್ತಿದ್ದ ವಿಮಾನವನ್ನು ಕತ್ತೆತ್ತಿ ನೋಡುತ್ತಿದ್ದರು. ಬೈಯಲಿ ಎಂದು ಎದುರು ನಿಂತೆ.

‘ಒಂಬತ್ತು ಇಪ್ಪತ್ತೆರಡು. ಹನ್ನೆರಡು ನಿಮಿಷ ಲೇಟು’ ಎಂದರು.

‘ಹದಿನೈದರೊಳಗೆ ಇದ್ರೆ ಲೇಟು ಅಲ್ಲ ಅಂತ ಲೆಕ್ಕ ಮಾವ.’

‘ಇದೆಂಥ ಲೆಕ್ಕ ಮಾರಾಯ್ತಿ! ಹಾಗಿದ್ದಿದ್ರೆ ನಿಮ್ಮಪ್ಪ ಬಚಾವಾಗ್ತಿದ್ದ.’

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಟ್ಯಾಕ್ಸಿಯವರೆಲ್ಲ ನೋಡುವಂತೆ, ಗಳಗಳ ಅತ್ತುಬಿಟ್ಟೆ. ಮೂರು ತಡ, ಇಂಜಿನ್ ಬಿಚ್ಚಿಟ್ಟ ವಿಮಾನ, ಕರಾವಳಿಯ ಊರು ಎಲ್ಲವನ್ನೂ ಅಳುತ್ತಲೇ ಹೇಳಿದೆ. ಮಾವ ಎಲ್ಲ ಕೇಳಿಸಿಕೊಂಡರು. ಆಮೇಲೆ ಗಡಿಯಾರದ ಪಟ್ಟಿ ಸರಿಮಾಡಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದರು:

‘ಆವತ್ತು ನಿಮ್ಮಪ್ಪ ಓಡಿ ಬರ್ತಾ ನನ್ನ ಕಿಟಕಿ ಕಡೆ ಕೈ ಮಾಡಿದ. ಸೈರನ್ ಕೂಗಿಸ್ದೆ. ಎಲ್ಲರೂ ನಗ್ತೀರಿ, ನಾನೂ ನಗ್ತೀನಿ. ಆದ್ರೆ ಒಂದು ವಾರ ನನಗೆ ಅನ್ನ ಸೇರ್ಲಿಲ್ಲ ಕಣೆ. ಯಾರಿಗೂ ಹೇಳಿಲ್ಲ, ನಿಮ್ಮಮ್ಮಂಗೂ ಹೇಳಿಲ್ಲ. ನಿನಗೂ ಇವತ್ತು ಸೇರಲ್ಲ. ಸೇರದಿದ್ರೂ, ನೀನು ಮಾಡಿದ್ದು ಸರಿ.’

ಹೇಳಿ, ಸೂಟ್‌ಕೇಸನ್ನು ನನ್ನ ಕಡೆಗೇ ತಳ್ಳಿದರು. ‘ಇದು ನಿನ್ನ ಆಫೀಸಲ್ಲೇ ಇರ್ಲಿ. ಪ್ರಸ್ಥಾನ ಮೂರು ದಿನ ನಡೆಯುತ್ತೆ. ನಾಳೆ ಹೋಗ್ತೀನಿ.’

ಅನ್ನದ ವಿಷಯದಲ್ಲಿ ಅವರು ಹೇಳಿದ ಹಾಗೇ ಆಯಿತು. ಮಧ್ಯಾಹ್ನ ಆ ತಣ್ಣನೆಯ ದನಿಯ ಅಧಿಕಾರಿ ಫೋನು ಮಾಡಿ, ವಿಮಾನ ಶಿವಮೊಗ್ಗದಲ್ಲೇ ಉಳಿಯುತ್ತದೆ ಎಂದ. ‘ನಿಮ್ಮ ಸೋಮವಾರಗಳಿಗೆ ಏನು ಮಾಡಿದಿರಿ?’ ಎಂದು ಮೊದಲ ಬಾರಿ ಕುತೂಹಲದಿಂದ ಕೇಳಿದ. ‘ಬೇಗ ಇಡ್ಲಿ ಮಾಡಿಸಿದೆ’ ಎಂದೆ. ಊರಿಗೆಲ್ಲ ಕೇಳುವಷ್ಟು ಕಿರುಚಬೇಕೆನಿಸುವಷ್ಟು ಸಂತೋಷ. ಆದರೂ ಅಮ್ಮ ಬಡಿಸಿದ ಅನ್ನವನ್ನು ತಟ್ಟೆಯಲ್ಲಿ ಆಡಿಸಿ ಎದ್ದೆ. ಕರಾವಳಿಯ ಆ ಊರಿನಲ್ಲೂ ನನ್ನಂಥ ಒಬ್ಬಳು ಫೋನು ಕೆಳಗಿಟ್ಟಿರುತ್ತಾಳೆ ಎಂದೂ ಅನ್ನಿಸಿತು.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯಲು ಹೋದಾಗ ಮಾವ ಆಗಲೇ ಬಾಗಿಲಲ್ಲಿ ನಿಂತಿದ್ದರು. ನೇರ ಒಳಗೆ ಹೋಗಿ ಕೂತವರು ಎದ್ದದ್ದು ವಿಮಾನ ಹತ್ತಲಿಕ್ಕೇ. ಅವರ ಕಿಟಕಿ ನಮ್ಮ ಕಡೆಗೇ ಇತ್ತು. ಬಾಗಿಲು ಹಾಕಿ, ನಾನು ಹಿಂದೆ ಸರಿದು ನಿಂತೆ. ಮಾವ ಎಡಗೈಯನ್ನು ಗಾಜಿಗೆ ಹಿಡಿದು, ಗಡಿಯಾರ ನನಗೆ ಕಾಣುವಂತೆ ತಿರುಗಿಸಿದರು. ಒಂಬತ್ತು ಹತ್ತು. ವಿಮಾನ ಅಲುಗಿತು.

ಆ ಮಧ್ಯಾಹ್ನ ಮನೆಗೆ ಹೋಗಿ, ಎರಡು ಸಲ ಸಾರು ಹಾಕಿಸಿಕೊಂಡು ಉಂಡೆ.